ದಾಸಿಯ ಮಗ, ಸ್ವತಂತ್ರಳ ಮಗ: ಧರ್ಮಶಾಸ್ತ್ರ ಮತ್ತು ಬಿಡುಗಡೆಯ ಬಗೆಗೆ ಒಂದು ಹಳೆಯ ವಾದ



ಒಂದು ಗ್ರಂಥವನ್ನು ಪವಿತ್ರವೆಂದು ನಂಬಿ ಬಾಳುವ ಯಾವುದೇ ಸಮಾಜಕ್ಕೆ ಒಂದಲ್ಲ ಒಂದು ದಿನ ಒಂದು ಇಕ್ಕಟ್ಟು ಎದುರಾಗುತ್ತದೆ. ಗ್ರಂಥದ ಅಕ್ಷರ ಒಂದನ್ನು ಹೇಳುತ್ತಿರುತ್ತದೆ. ಕಾಲ ಬದಲಾದಂತೆ ಬದುಕು ಬೇರೊಂದನ್ನು ಬೇಡುತ್ತಿರುತ್ತದೆ. ಅಕ್ಷರಕ್ಕೆ ತಕ್ಕಂತೆ ಬದುಕನ್ನು ಬಗ್ಗಿಸಬೇಕೆ? ಇಲ್ಲ, ಗ್ರಂಥವನ್ನೇ ಬದಿಗಿಡಬೇಕೆ? ಈ ಪ್ರಶ್ನೆಯನ್ನು ಎದುರಿಸಿದ ಹಲವರು ಮೂರನೆಯದೊಂದು ದಾರಿಯನ್ನು ಕಂಡುಕೊಂಡಿದ್ದಾರೆ. ಗ್ರಂಥವನ್ನು ಬಿಡದೆ, ಅದರ ಮೇಲ್ನೋಟದ ಅರ್ಥದ ಕೆಳಗೆ ಇನ್ನೊಂದು ಅರ್ಥ ಅಡಗಿದೆ ಎಂದು ತೋರಿಸುವುದೇ ಆ ದಾರಿ. ಇದನ್ನು ಸಾಂಕೇತಿಕ ವ್ಯಾಖ್ಯಾನ ಎನ್ನುತ್ತೇವೆ.

ಈ ದಾರಿಯಿಂದ ಆಗಿರುವ ಉಪಕಾರವೇನು, ಅಪಾಯವೇನು? ಇದನ್ನು ತಿಳಿಯಲು ಕ್ರೈಸ್ತ ಧರ್ಮದ ಇತಿಹಾಸದಿಂದ ಒಂದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ಯಜಮಾನ, ಇಬ್ಬರು ಹೆಂಗಸರು, ಇಬ್ಬರು ಮಕ್ಕಳು ಇರುವ ಒಂದು ಮನೆಯ ಕಥೆ ಅದು. ಅದನ್ನು ಎರಡು ಸಾವಿರ ವರ್ಷಗಳಿಂದ ಜನ ಓದುತ್ತಲೇ ಬಂದಿದ್ದಾರೆ. ಓದಿದವರಲ್ಲಿ ಕೆಲವರು ಬಿಡುಗಡೆ ಪಡೆದರು, ಕೆಲವರು ಇತರರನ್ನು ಕಟ್ಟಿಹಾಕಿದರು. ಕಥೆ ಒಂದೇ ಆಗಿದ್ದರೂ ಹೀಗೇಕೆ ಆಯಿತು ಎಂಬುದೇ ಈ ಲೇಖನದ ವಿಚಾರ.

ಮೊದಲು ಕಥೆ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 16 ಮತ್ತು 21ನೆಯ ಅಧ್ಯಾಯಗಳಲ್ಲಿ ಈ ಕಥೆ ಬರುತ್ತದೆ. ಅಬ್ರಹಾಮನಿಗೆ ದೊಡ್ಡ ಸಂತತಿಯಾಗುವುದೆಂದು ದೇವರು ಮಾತು ಕೊಟ್ಟಿದ್ದಾನೆ. ಆದರೆ ಹೆಂಡತಿ ಸಾರಳಿಗೆ ಮಕ್ಕಳಿಲ್ಲ. ಕಾನಾನ್ ದೇಶಕ್ಕೆ ಬಂದು ಹತ್ತು ವರ್ಷ ಕಳೆದ ಮೇಲೆ ಸಾರಳು ತನ್ನ ಈಜಿಪ್ಟಿನ ದಾಸಿ ಹಾಗರಳನ್ನು ಗಂಡನಿಗೆ ಒಪ್ಪಿಸುತ್ತಾಳೆ. ದಾಸಿಯ ಒಪ್ಪಿಗೆಯನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಹಾಗರಳು ಗರ್ಭಿಣಿಯಾದ ಮೇಲೆ ಒಡತಿಗೂ ದಾಸಿಗೂ ಮನಸ್ತಾಪವಾಗುತ್ತದೆ. ಸಾರಳು ಕೊಟ್ಟ ಕಾಟ ತಡೆಯಲಾರದೆ ಹಾಗರಳು ಮರುಭೂಮಿಗೆ ಓಡಿಹೋಗುತ್ತಾಳೆ. ಅಲ್ಲಿ ಒಂದು ಬುಗ್ಗೆಯ ಬಳಿ ದೇವದೂತನು ಅವಳನ್ನು ಕಂಡು, ಒಡತಿಯ ಬಳಿಗೆ ಹಿಂತಿರುಗಲು ಹೇಳುತ್ತಾನೆ; ಹುಟ್ಟುವ ಮಗನಿಗೆ ಇಷ್ಮಾಯೇಲನೆಂದು ಹೆಸರಿಡಬೇಕೆನ್ನುತ್ತಾನೆ. 'ದೇವರು ಕೇಳುತ್ತಾನೆ' ಎಂಬುದು ಆ ಹೆಸರಿನ ಅರ್ಥ. ಹಾಗರಳೂ ತನ್ನೊಡನೆ ಮಾತಾಡಿದ ದೇವರಿಗೆ ಒಂದು ಹೆಸರು ಕೊಡುತ್ತಾಳೆ: ತನ್ನನ್ನು ನೋಡುವ ದೇವರು.

ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ. ಮುಂದೆ ದೇವರು ಅವನೊಡನೆ ಒಡಂಬಡಿಕೆ ಮಾಡಿಕೊಂಡು, ಅದರ ಗುರುತಾಗಿ ಮನೆಯ ಗಂಡಸರೆಲ್ಲರಿಗೂ ಸುನ್ನತಿಯಾಗಬೇಕೆಂದು ವಿಧಿಸುತ್ತಾನೆ. ಅಬ್ರಹಾಮನ 100ನೆಯ ವಯಸ್ಸಿನಲ್ಲಿ ಸಾರಳಿಗೂ ಒಬ್ಬ ಮಗ ಹುಟ್ಟುತ್ತಾನೆ. ಅವನೇ ಇಸಾಕ. ಇಸಾಕನಿಗೆ ಮೊಲೆ ಬಿಡಿಸಿದ ದಿನ ಮನೆಯಲ್ಲಿ ಔತಣ. ಆ ದಿನ ಸಾರಳು ದಾಸಿಯ ಮಗನನ್ನು ನೋಡಿ, ಇವನು ನನ್ನ ಮಗನ ಜೊತೆ ಆಸ್ತಿಗೆ ಬಾಧ್ಯನಾಗಕೂಡದು, ತಾಯಿ ಮಗ ಇಬ್ಬರನ್ನೂ ಹೊರಹಾಕು ಎಂದು ಹಟ ಹಿಡಿಯುತ್ತಾಳೆ. ಅಬ್ರಹಾಮನಿಗೆ ದುಃಖವಾಗುತ್ತದೆ. ಆದರೂ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ಇಬ್ಬರನ್ನೂ ಕಳಿಸಿಬಿಡುತ್ತಾನೆ. ನೀರು ಮುಗಿದಾಗ ಹಾಗರಳು ಮಗ ಸಾಯುವುದನ್ನು ನೋಡಲಾರದೆ ಅವನನ್ನು ಒಂದು ಗಿಡದ ಕೆಳಗೆ ಬಿಟ್ಟು ದೂರ ಕುಳಿತು ಅಳುತ್ತಾಳೆ. ದೇವರು ಹುಡುಗನ ಕೂಗನ್ನು ಕೇಳಿ ಅವಳ ಕಣ್ಣು ತೆರೆಸುತ್ತಾನೆ. ಎದುರಿಗೇ ಒಂದು ಬಾವಿ ಕಾಣಿಸುತ್ತದೆ.

ಕಥೆ ಇಷ್ಟು. ಇದರಲ್ಲಿ ದೇವರು ಮಾತು ಕೊಟ್ಟಿರುವುದು ಸಾರಳ ವಂಶಕ್ಕೆ, ಕೂಗು ಕೇಳಿಸಿಕೊಂಡಿರುವುದು ಹಾಗರಳ ಮಗನದು. ಈ ಎರಡು ಸಂಗತಿಗಳನ್ನೂ ನೆನಪಿಡಿ, ಮುಂದೆ ಬೇಕಾಗುತ್ತವೆ.

ಗಲಾತ್ಯದಲ್ಲಿ ಎದ್ದ ಪ್ರಶ್ನೆ

ಈಗ ನಾವು ಕ್ರಿ.ಶ. 50ರ ಸುಮಾರಿಗೆ ಬರೋಣ. ಇಂದಿನ ತುರ್ಕಿ ದೇಶದ ನಡುಭಾಗದಲ್ಲಿ ಗಲಾತ್ಯವೆಂಬ ರೋಮನ್ ಪ್ರಾಂತವಿತ್ತು. ಇಂದಿನ ಅಂಕಾರಾ ನಗರವೇ ಅದರ ರಾಜಧಾನಿ. ಅಲ್ಲಿ ಪೌಲನೆಂಬ ಯೆಹೂದ್ಯ ಪ್ರಚಾರಕ ಯೇಸುವಿನ ವಾರ್ತೆಯನ್ನು ಸಾರಿ ಕೆಲವು ಸಭೆಗಳನ್ನು ಕಟ್ಟಿದ್ದ. ಸಭೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಯೆಹೂದ್ಯರಲ್ಲದ ಜನ. ಅವರಿಗೆ ಸುನ್ನತಿಯಾಗಿರಲಿಲ್ಲ, ಮೋಶೆಯ ಧರ್ಮಶಾಸ್ತ್ರದ ಆಹಾರ ನಿಯಮಗಳೂ ಹಬ್ಬಗಳ ಕಟ್ಟಳೆಯೂ ಗೊತ್ತಿರಲಿಲ್ಲ.

ಪೌಲ ಅಲ್ಲಿಂದ ಹೊರಟ ಮೇಲೆ ಬೇರೆ ಬೋಧಕರು ಬಂದರು. ಅವರೂ ಯೇಸುವನ್ನು ನಂಬಿದವರೇ. ಆದರೆ ಅವರ ವಾದ ಬೇರೆ: ದೇವರ ಒಡಂಬಡಿಕೆ ಅಬ್ರಹಾಮನಿಗೆ ಆದದ್ದು, ಅದರ ಗುರುತು ಸುನ್ನತಿ, ನೀವು ಅಬ್ರಹಾಮನ ಮಕ್ಕಳಾಗಬೇಕಿದ್ದರೆ ಆ ಗುರುತನ್ನು ಪಡೆದು ಧರ್ಮಶಾಸ್ತ್ರಕ್ಕೆ ಒಳಪಡಬೇಕು. ಗ್ರಂಥವನ್ನು ಇದ್ದಂತೆ ಓದಿದರೆ ಈ ವಾದ ಬಲವಾದದ್ದೇ ಎಂಬುದನ್ನು ನಾವು ಒಪ್ಪಬೇಕು.

ಇದು ಬರೀ ಶಾಸ್ತ್ರಚರ್ಚೆಯಾಗಿರಲಿಲ್ಲ. ಯಾರು ಯಾರ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು ಎಂಬ ಪ್ರಶ್ನೆ ಇದರೊಡನೆ ಹೆಣೆದುಕೊಂಡಿತ್ತು. ಅಂತಿಯೋಕ್ಯ ಪಟ್ಟಣದಲ್ಲಿ ನಡೆದದ್ದನ್ನು ಪೌಲನೇ ಬರೆದಿದ್ದಾನೆ. ಯೇಸುವಿನ ಹಿರಿಯ ಶಿಷ್ಯನಾದ ಪೇತ್ರನು ಮೊದಲು ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂಡುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹಿಂಜರಿದು ಬೇರೆ ಕುಳಿತ. ಪೌಲ ಎಲ್ಲರ ಎದುರಿಗೇ ಅವನನ್ನು ಆಕ್ಷೇಪಿಸಿದ. ಪಂಕ್ತಿಭೇದವನ್ನು ಕಂಡು ಕೇಳಿರುವ ನಮ್ಮ ಓದುಗರಿಗೆ ಈ ಜಗಳದ ಬಿಸಿ ತಟ್ಟದೆ ಇರಲಾರದು.

ಪೌಲ ಕಥೆಯನ್ನು ತಿರುಗಿಸಿದ ಬಗೆ

ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಪೌಲ ಎದುರಾಳಿಗಳು ಹಿಡಿದಿದ್ದ ಅಬ್ರಹಾಮನ ಕಥೆಯನ್ನೇ ಕೈಗೆತ್ತಿಕೊಳ್ಳುತ್ತಾನೆ. ಎದುರಾಳಿಗಳೇ ಮೊದಲು ಈ ಕಥೆಯನ್ನು ಎತ್ತಿರಬೇಕು, ಆದ್ದರಿಂದಲೇ ಪೌಲ ಅದಕ್ಕೆ ಉತ್ತರ ಕೊಡಬೇಕಾಯಿತು ಎಂದು ಇಂಗ್ಲೆಂಡಿನ ವಿದ್ವಾಂಸ ಸಿ. ಕೆ. ಬ್ಯಾರೆಟ್ 1976ರ ಲೇಖನವೊಂದರಲ್ಲಿ ವಾದಿಸಿದರು. ಈ ಊಹೆಯನ್ನು ಅನೇಕರು ಒಪ್ಪಿದ್ದಾರೆ.

ಪೌಲನ ವಾದದ ತಿರುಳು ಹೀಗಿದೆ. ಈ ಇಬ್ಬರು ಹೆಂಗಸರು ಎರಡು ಒಡಂಬಡಿಕೆಗಳ ಸಂಕೇತ. ಹಾಗರಳೆಂದರೆ ಧರ್ಮಶಾಸ್ತ್ರ ದೊರೆತ ಸೀನಾಯಿ ಬೆಟ್ಟ, ಅದಕ್ಕೆ ಸಮನಾದ ಇಂದಿನ ಯೆರೂಸಲೇಮ್; ಅವಳೂ ಅವಳ ಮಕ್ಕಳೂ ದಾಸ್ಯದಲ್ಲಿದ್ದಾರೆ. ಸ್ವತಂತ್ರಳಾದ ಸಾರಳೆಂದರೆ ಮೇಲಣ ಯೆರೂಸಲೇಮ್. ಅವಳೇ ನಮ್ಮ ತಾಯಿ. ಒಬ್ಬ ಮಗ ಲೋಕದ ರೀತಿಯಲ್ಲಿ ಹುಟ್ಟಿದವನು, ಇನ್ನೊಬ್ಬ ದೇವರ ವಾಗ್ದಾನದಿಂದ ಹುಟ್ಟಿದವನು. ನಂಬಿಕೆಯಿಂದ ಬಂದ ನೀವು, ಸುನ್ನತಿಯಿಲ್ಲದಿದ್ದರೂ, ಇಸಾಕನಂತೆ ವಾಗ್ದಾನದ ಮಕ್ಕಳು. ಆದ್ದರಿಂದ ಮತ್ತೆ ನೊಗಕ್ಕೆ ಹೆಗಲು ಕೊಡಬೇಡಿ.

ಇಲ್ಲಿ ಆಗಿರುವ ಅದಲುಬದಲನ್ನು ಗಮನಿಸಿ. ವಂಶದ ಲೆಕ್ಕದಲ್ಲಿ ಸೀನಾಯಿಯಲ್ಲಿ ಧರ್ಮಶಾಸ್ತ್ರವನ್ನು ಪಡೆದವರು ಸಾರಳ ಸಂತತಿ, ಹಾಗರಳದಲ್ಲ. ಪೌಲ ಸೀನಾಯಿಯನ್ನು ಹಾಗರಳ ಕಡೆಗೆ ಹಾಕಿದ. ಅಬ್ರಹಾಮನ ರಕ್ತಸಂಬಂಧವೇ ಇಲ್ಲದ ಗಲಾತ್ಯದ ಜನರನ್ನು ಸಾರಳ ಮಕ್ಕಳನ್ನಾಗಿಸಿದ. ಹೊರಗಿನವರಿಗೆ ಮನೆಯ ಬಾಗಿಲು ತೆರೆಯಲು ಅವನು ಬಳಸಿದ ಉಪಾಯ ಈ ಸಾಂಕೇತಿಕ ಓದು. ಆ ದಿನ ಅದನ್ನು ಕೇಳಿಸಿಕೊಂಡ ಗಲಾತ್ಯದವರಿಗೆ ಅದು ಬಿಡುಗಡೆಯ ಮಾತೇ ಆಗಿದ್ದಿರಬೇಕು.

ಇನ್ನೊಂದು ಮಾತು. ಪೌಲ ಕೊನೆಯವರೆಗೂ ಯೆಹೂದ್ಯನೇ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಧರ್ಮಶಾಸ್ತ್ರವು ಪರಿಶುದ್ಧವಾದದ್ದೆಂದೂ ದೇವರು ತನ್ನ ಜನರನ್ನು ತಳ್ಳಿಬಿಟ್ಟಿಲ್ಲವೆಂದೂ ಅವನು ಹೇಳುತ್ತಾನೆ. ಗಲಾತ್ಯದಲ್ಲಿ ಅವನ ಸಿಟ್ಟು ತನ್ನ ಸಭೆಗಳಿಗೆ ನುಗ್ಗಿದ ಬೋಧಕರ ಮೇಲೆ. ಅಮೆರಿಕದ ಜೆ. ಲೂಯಿಸ್ ಮಾರ್ಟಿನ್ 1997ರಲ್ಲಿ ಪ್ರಕಟಿಸಿದ ವ್ಯಾಖ್ಯಾನದಲ್ಲಿ ಈ ಅಂಶವನ್ನು ಒತ್ತಿ ಹೇಳಿದ್ದಾರೆ. ಆದರೆ ಪತ್ರದಲ್ಲಿ ಬರೆದ ಮಾತು, ಅದನ್ನು ಬರೆಸಿದ ಸಂದರ್ಭ ಮರೆತುಹೋದ ಮೇಲೂ ಉಳಿಯುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

'ಅನ್ಯೋಕ್ತಿ' ಮತ್ತು ಫೈಲೊ

ಈ ಕಥೆಯನ್ನು ತಾನು ಹೇಗೆ ಓದುತ್ತಿದ್ದೇನೆ ಎಂದು ಹೇಳಲು ಪೌಲ ಬಳಸಿದ ಗ್ರೀಕ್ ಕ್ರಿಯಾಪದಕ್ಕೆ 'ಅಲ್ಲೆಗೋರಿಯ' ಎಂಬ ಶಬ್ದದೊಡನೆ ಸಂಬಂಧವಿದೆ. 'ಅಲ್ಲೊ' ಎಂದರೆ ಬೇರೆ, 'ಅಗೊರೆವೊ' ಎಂದರೆ ನಾಲ್ವರ ಮುಂದೆ ನುಡಿ. ಒಂದನ್ನು ನುಡಿದು ಇನ್ನೊಂದನ್ನು ಸೂಚಿಸುವುದು ಎಂದು ಅರ್ಥ. ನಮ್ಮ ಅಲಂಕಾರಶಾಸ್ತ್ರದ 'ಅನ್ಯೋಕ್ತಿ' ಎಂಬ ಮಾತು ಹೆಚ್ಚುಕಡಿಮೆ ಇದೇ ರೀತಿ ಕಟ್ಟಿದ್ದು. ಗ್ರೀಕರು ಹೋಮರನ ಕಾವ್ಯಗಳಲ್ಲಿ ದೇವತೆಗಳು ಜಗಳವಾಡುವ ಪ್ರಸಂಗಗಳಿಂದ ಮುಜುಗರಪಟ್ಟು, ಅವಕ್ಕೆ ಪ್ರಕೃತಿಯ ಅಥವಾ ನೀತಿಯ ಒಳಾರ್ಥ ಹೇಳುವುದನ್ನು ಬಹಳ ಹಿಂದೆಯೇ ರೂಢಿಸಿಕೊಂಡಿದ್ದರು.

ಪೌಲನ ಕಾಲದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಫೈಲೊ ಎಂಬ ಯೆಹೂದ್ಯ ತತ್ತ್ವಜ್ಞಾನಿಯಿದ್ದ. ಕ್ರಿ.ಪೂ. 20ರ ಸುಮಾರಿಗೆ ಹುಟ್ಟಿ ಕ್ರಿ.ಶ. 50ರ ಸುಮಾರಿಗೆ ತೀರಿಕೊಂಡವನು. ಅವನೂ ಹಾಗರ-ಸಾರಳರ ಕಥೆಗೆ ಒಳಾರ್ಥ ಹೇಳಿದ್ದಾನೆ, ಅದು ವಿದ್ಯಾರ್ಥಿಗಳಾದ ನಿಮಗೆ ಸ್ವಾರಸ್ಯವೆನಿಸಬಹುದು. ಅವನ ಪ್ರಕಾರ ಹಾಗರಳೆಂದರೆ ಶಾಲೆಯ ಪಾಠಗಳು, ಅಂದರೆ ವ್ಯಾಕರಣ, ರೇಖಾಗಣಿತ, ಸಂಗೀತ ಮೊದಲಾದವು. ಸಾರಳೆಂದರೆ ವಿವೇಕ. ಮನುಷ್ಯ ಮೊದಲು ಪಾಠಗಳ ಜೊತೆ ಬಾಳಿ ಫಲ ಪಡೆಯಬೇಕು, ಅನಂತರವೇ ವಿವೇಕ ಫಲಿಸುತ್ತದೆ. ಆದರೆ ಪಾಠವನ್ನೇ ಒಡತಿಯೆಂದು ತಿಳಿದು ಅಲ್ಲೇ ನಿಂತುಬಿಡಬಾರದು.

ಇನ್ನೂ ಮುಖ್ಯವಾದದ್ದು ಫೈಲೊ ಕೊಟ್ಟ ಎಚ್ಚರಿಕೆ. ಒಳಾರ್ಥ ತಿಳಿಯಿತೆಂದು ಕೆಲವರು ಸಬ್ಬತ್ ದಿನದ ವಿಶ್ರಾಂತಿ, ಸುನ್ನತಿ ಮೊದಲಾದ ಆಚರಣೆಗಳನ್ನೇ ಬಿಟ್ಟುಬಿಡುತ್ತಿದ್ದರು. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ. ಅಕ್ಷರಾರ್ಥ ದೇಹದಂತೆ, ಒಳಾರ್ಥ ಆತ್ಮದಂತೆ. ಆತ್ಮದ ಮನೆಯೆಂದು ದೇಹವನ್ನು ನೋಡಿಕೊಳ್ಳುವ ಹಾಗೆ ಅಕ್ಷರವನ್ನೂ ಕಾಪಾಡಬೇಕು ಎಂಬುದು ಅವನ ನಿಲುವು. ಸಾಂಕೇತಿಕ ಓದು ಎಂದರೆ ಕಟ್ಟಳೆಯನ್ನು ಬಿಟ್ಟುಬಿಡುವುದು ಎಂದೇನೂ ಅರ್ಥವಲ್ಲ ಎಂಬುದಕ್ಕೆ ಫೈಲೊ ಸಾಕ್ಷಿ.

ತಿತ್ತಿಯ ನೀರು, ಬಾವಿಯ ನೀರು

ಅದೇ ಅಲೆಕ್ಸಾಂಡ್ರಿಯದಲ್ಲಿ ಕ್ರಿ.ಶ. 185ರ ಸುಮಾರಿಗೆ ಹುಟ್ಟಿದ ಓರಿಜನ್ ಕ್ರೈಸ್ತ ವ್ಯಾಖ್ಯಾನಕಾರರಲ್ಲಿ ಬಹು ದೊಡ್ಡ ಹೆಸರು. ಮನುಷ್ಯನಿಗೆ ದೇಹ, ಪ್ರಾಣ, ಆತ್ಮಗಳಿರುವಂತೆ ಧರ್ಮಗ್ರಂಥಕ್ಕೂ ಮೂರು ನೆಲೆಗಳಿವೆ ಎಂದು ಅವನು ಹೇಳಿದ. ಆದಿಕಾಂಡದ ಮೇಲಿನ ಪ್ರವಚನವೊಂದರಲ್ಲಿ ಹಾಗರಳ ತಿತ್ತಿಯ ನೀರನ್ನು ಧರ್ಮಶಾಸ್ತ್ರದ ಅಕ್ಷರಕ್ಕೆ ಹೋಲಿಸಿದ. ಅಕ್ಷರದ ನೀರು ಬೇಗ ಮುಗಿದುಹೋಗುತ್ತದೆ. ಬಾವಿಯ ನೀರು ಬತ್ತುವುದಿಲ್ಲ. ಬಾವಿ ಎದುರಿಗೇ ಇದ್ದರೂ ಕಣ್ಣು ತೆರೆಯುವವರೆಗೆ ಕಾಣದು. ಹೋಲಿಕೆ ಸುಂದರವಾಗಿದೆ. ಆದರೆ ತಿತ್ತಿಯ ನೀರಿಗೇ ನಿಂತವರು ಯೆಹೂದ್ಯರು ಎಂಬ ಕುಟುಕೂ ಅದರಲ್ಲಿತ್ತು.

ಸಿರಿಯದ ಅಂತಿಯೋಕ್ಯದ ಪಂಡಿತರು ಈ ಪದ್ಧತಿಯನ್ನು ಅನುಮಾನದಿಂದ ನೋಡಿದರು. ಪೌಲನ ಒಂದು ಶಬ್ದವನ್ನು ನೆಪಮಾಡಿಕೊಂಡು ನಡೆದ ಸಂಗತಿಯನ್ನೇ ಕರಗಿಸಿಬಿಡುವವರ ಮೇಲೆ ಥಿಯೋಡೋರ್ ಸಿಡುಕಿದ. ಜಾನ್ ಕ್ರಿಸೊಸ್ಟಮ್, ಪೌಲ 'ಅಲ್ಲೆಗೋರಿಯ' ಎಂದದ್ದು ಆ ಶಬ್ದದ ಸಡಿಲವಾದ ಬಳಕೆ, ಅವನ ಉದ್ದೇಶ ಮುಂದೆ ಬರುವುದಕ್ಕೆ ಹಿಂದಿನದು ಮಾದರಿಯಾಗಿತ್ತು ಎಂದು ತೋರಿಸುವುದಷ್ಟೆ ಎಂದ. ಹಾಗರಳೆಂಬ ಹೆಂಗಸು ನಿಜವಾಗಿ ಬಾಳಿದ್ದಳು, ಅಲೆದಿದ್ದಳು; ಆ ನೆಲವನ್ನು ಬಿಟ್ಟು ಅರ್ಥ ಹಾರಬಾರದು ಎಂಬುದು ಇವರ ಕಾಳಜಿ.

ಐದನೆಯ ಶತಮಾನದ ಆರಂಭದಲ್ಲಿ ಸಂನ್ಯಾಸಿ ಜಾನ್ ಕ್ಯಾಸಿಯನ್ ಈ ಎಲ್ಲ ಪದ್ಧತಿಗಳನ್ನು ನಾಲ್ಕು ಅರ್ಥಗಳಾಗಿ ಜೋಡಿಸಿಕೊಟ್ಟ. ಉದಾಹರಣೆಗೆ ಅವನು ಆರಿಸಿಕೊಂಡದ್ದು ಗಲಾತ್ಯ ಪತ್ರಿಕೆಯ ಇದೇ ಭಾಗವನ್ನು. ಯೆರೂಸಲೇಮ್ ಎಂದರೆ ಚರಿತ್ರೆಯ ದೃಷ್ಟಿಯಲ್ಲಿ ಯೆಹೂದ್ಯರ ಪಟ್ಟಣ, ಸಂಕೇತದ ದೃಷ್ಟಿಯಲ್ಲಿ ಕ್ರೈಸ್ತ ಸಭೆ, ನೀತಿಯ ದೃಷ್ಟಿಯಲ್ಲಿ ಮನುಷ್ಯನ ಅಂತರಂಗ, ಪರದ ದೃಷ್ಟಿಯಲ್ಲಿ ದೇವರ ನಗರ. ಮುಂದೆ ಸುಮಾರು ಸಾವಿರ ವರ್ಷ ಯುರೋಪಿನ ಮಠಗಳಲ್ಲೂ ವಿಶ್ವವಿದ್ಯಾಲಯಗಳಲ್ಲೂ ಇದೇ ಓದಿನ ಕ್ರಮವಾಯಿತು.

ಒಡತಿಯ ಕೈಗೆ ಬೆತ್ತ

ಇಲ್ಲಿಯವರೆಗೆ ಬಂದ ವ್ಯಾಖ್ಯಾನಕಾರರ ಕೈಯಲ್ಲಿ ರಾಜ್ಯದ ಅಧಿಕಾರವಿರಲಿಲ್ಲ, ಅಥವಾ ಅವರು ಅದನ್ನು ಈ ಕಥೆಗೆ ಜೋಡಿಸಿರಲಿಲ್ಲ. ಕ್ರಿ.ಶ. 380ರಲ್ಲಿ ಕ್ರೈಸ್ತ ಧರ್ಮ ರೋಮನ್ ಸಾಮ್ರಾಜ್ಯದ ಅಧಿಕೃತ ಧರ್ಮವಾದ ಮೇಲೆ ಪರಿಸ್ಥಿತಿ ಬದಲಾಯಿತು. ಈ ಬದಲಾವಣೆ ಸ್ಪಷ್ಟವಾಗಿ ಕಾಣುವುದು ಅಗಸ್ಟೀನನ ಬರಹಗಳಲ್ಲಿ.

ಅಗಸ್ಟೀನ್ (354-430) ಸಾಂಕೇತಿಕ ಓದಿಗೆ ವೈಯಕ್ತಿಕವಾಗಿ ಋಣಿ. ತರುಣನಾಗಿದ್ದಾಗ ಹಳೆಯ ಒಡಂಬಡಿಕೆಯ ಕಥೆಗಳು ಅವನಿಗೆ ಒರಟಾಗಿ ಕಂಡಿದ್ದವು. ಮಿಲಾನಿನಲ್ಲಿ ಅಂಬ್ರೋಸ್ ಬಿಷಪನು ಅದೇ ಕಥೆಗಳ ಒಳಾರ್ಥ ಬಿಡಿಸಿ ಹೇಳುವುದನ್ನು ಕೇಳಿದ ಮೇಲೆ ಮನಸ್ಸಿನ ಗಂಟು ಸಡಿಲವಾಯಿತು ಎಂದು ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ ಎಂಬ ಪೌಲನ ವಿಚಾರ ಅವನಿಗೆ ಬಹಳ ಪ್ರಿಯವಾಗಿತ್ತು.

ಅವನು ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ, ಎಂದರೆ ಇಂದಿನ ಅಲ್ಜೀರಿಯದ ಅನ್ನಾಬಾದ, ಬಿಷಪನಾದ. ಅಲ್ಲಿನ ಕ್ರೈಸ್ತರಲ್ಲಿ ಡೊನಾಟಿಸ್ಟರು ಎಂಬ ಪಂಗಡ ಬೇರೆಯಾಗಿ ನಿಂತಿತ್ತು. 405ರಲ್ಲಿ ಚಕ್ರವರ್ತಿ ಅವರ ವಿರುದ್ಧ ಕಾಯಿದೆ ಹೊರಡಿಸಿದ. ನಂಬಿಕೆಯ ವಿಷಯದಲ್ಲಿ ಬಲಾತ್ಕಾರ ಕೂಡದು ಎಂದು ಮೊದಲು ಅಂದುಕೊಂಡಿದ್ದ ಅಗಸ್ಟೀನ್ ಆ ಹೊತ್ತಿಗೆ ಮನಸ್ಸು ಬದಲಾಯಿಸಿದ್ದ. 408ರ ಸುಮಾರಿಗೆ ವಿನ್ಸೆಂಟಿಯಸ್ ಎಂಬುವನಿಗೆ ಬರೆದ ಪತ್ರದಲ್ಲಿ ಹಾಗರಳ ಕಥೆಯನ್ನು ತರುತ್ತಾನೆ. ಸಾರಳು ಹಾಗರಳಿಗೆ ಕೊಟ್ಟದ್ದು ಕಾಟವಲ್ಲ, ಶಿಕ್ಷಣ. ಹಾಗರಳ ಗರ್ವವೇ ತಪ್ಪು. ನೋವು ಕೊಟ್ಟವರು ಯಾರು ಎಂದು ನೋಡಬೇಡಿ, ಯಾವ ಉದ್ದೇಶಕ್ಕೆ ಕೊಟ್ಟರು ಎಂದು ನೋಡಿ ಎಂಬುದು ಅವನ ವಾದ. ಸಾರಳು ಈಗ ನಿಜವಾದ ಸಭೆ, ಹಾಗರಳು ಬೇರೆಯಾದ ಪಂಗಡ.

ಪೌಲ ಈ ಕಥೆಯನ್ನು ಓದಿದ್ದು ಕಟ್ಟಳೆಯ ಬಲವಂತದಿಂದ ಜನರನ್ನು ಬಿಡಿಸಲು. ಮುನ್ನೂರೈವತ್ತು ವರ್ಷಗಳ ಬಳಿಕ ಅದೇ ಕಥೆ ಸರಕಾರದ ಬಲವಂತಕ್ಕೆ ಸಮರ್ಥನೆಯಾಯಿತು. ಸಾರಳು ಸ್ವಾತಂತ್ರ್ಯ, ಹಾಗರಳು ದಾಸ್ಯ ಎಂಬ ಸಂಕೇತ ಹಾಗೆಯೇ ಉಳಿದಿತ್ತು. ಬದಲಾದದ್ದು ಸಾರಳ ಹೆಸರಿನಲ್ಲಿ ಮಾತಾಡುತ್ತಿದ್ದವರ ಸ್ಥಾನ.

ಯೆಹೂದ್ಯರ ಉತ್ತರ

ಧರ್ಮಶಾಸ್ತ್ರವೆಂದರೆ ದಾಸ್ಯ ಎಂಬ ಮಾತು ಸಾಮಾನ್ಯವಾದಂತೆ ಅದರ ಪೆಟ್ಟು ಬಿದ್ದದ್ದು ಯೆಹೂದ್ಯರ ಮೇಲೆ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ಚರ್ಚಿಗೆ 1230ರ ಸುಮಾರಿಗೆ ಕಡೆದ ಎರಡು ಶಿಲಾಪ್ರತಿಮೆಗಳಿವೆ. ಒಬ್ಬಳು ಕಿರೀಟ ಧರಿಸಿ ತಲೆಯೆತ್ತಿ ನಿಂತ ಕ್ರೈಸ್ತ ಸಭೆ. ಇನ್ನೊಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿದ, ಮುರಿದ ಈಟಿ ಹಿಡಿದ, ಕೈಯಿಂದ ಧರ್ಮಶಾಸ್ತ್ರದ ಹಲಗೆ ಜಾರುತ್ತಿರುವ ಯೆಹೂದ್ಯ ಧರ್ಮ. ಇಂಥ ಚಿತ್ರಗಳನ್ನು ನೋಡುತ್ತ ಬೆಳೆದ ಊರುಗಳಲ್ಲಿ ಯೆಹೂದ್ಯರು ಹಿಂಸೆಗೂ ಗಡೀಪಾರಿಗೂ ಮತ್ತೆಮತ್ತೆ ಗುರಿಯಾದರು.

ಹಾಗಾದರೆ ಯೆಹೂದ್ಯರು ತಮ್ಮ ಧರ್ಮಶಾಸ್ತ್ರವನ್ನು ನೊಗವೆಂದು ನರಳುತ್ತಿದ್ದರೆ? ಇಲ್ಲ. 'ತೋರಾ' ಎಂಬ ಹೀಬ್ರೂ ಶಬ್ದಕ್ಕೆ ಬೋಧನೆ ಎಂಬುದೇ ಮೂಲಾರ್ಥ. ಸೀನಾಯಿಯಲ್ಲಿ ಅದು ದೊರೆತದ್ದು ಈಜಿಪ್ಟಿನ ದಾಸ್ಯದಿಂದ ಹೊರಬಂದ ಮೇಲೆ. ಬಿಡುಗಡೆ ಮೊದಲು, ಕಟ್ಟಳೆ ಆಮೇಲೆ. ಬಿಡುಗಡೆಯಾದ ಜನ ಹೇಗೆ ಬಾಳಬೇಕೆಂಬುದಕ್ಕೆ ಅದು ದಾರಿ. ತೋರಾದ ವಾರ್ಷಿಕ ಪಾರಾಯಣ ಮುಗಿದ ದಿನ ಯೆಹೂದ್ಯರು ಅದರ ಸುರುಳಿಯನ್ನು ಹೊತ್ತು ಕುಣಿದು ಹಬ್ಬ ಮಾಡುತ್ತಾರೆ. ಅವರ ಗುರುಗಳು ಹೇಳಿದ ಒಂದು ವ್ಯಾಖ್ಯಾನವಂತೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ದೇವರ ಬರಹ ಕಲ್ಲಿನ ಹಲಗೆಗಳ ಮೇಲೆ ಕೆತ್ತಲ್ಪಟ್ಟಿತ್ತು ಎಂಬಲ್ಲಿ ಬರುವ ಹೀಬ್ರೂ ಶಬ್ದ 'ಹಾರೂತ್'. ಸ್ವರವನ್ನು ಸ್ವಲ್ಪ ಬದಲಿಸಿದರೆ 'ಹೇರೂತ್', ಎಂದರೆ ಸ್ವಾತಂತ್ರ್ಯ. ಕೆತ್ತಿದ ಅಕ್ಷರದಲ್ಲೇ ಸ್ವಾತಂತ್ರ್ಯವನ್ನು ಓದಿಕೊಳ್ಳಿ, ತೋರಾದಲ್ಲಿ ತೊಡಗಿದವನೇ ನಿಜವಾಗಿ ಸ್ವತಂತ್ರ ಎಂದರು ಅವರು.

ಕ್ರೈಸ್ತರಲ್ಲಿ ಈ ವಿಷಯದ ಮರುಚಿಂತನೆ ಬಲವಾಗಿ ನಡೆದದ್ದು ಎರಡನೆಯ ಮಹಾಯುದ್ಧದ ಕಾಲದ ಯೆಹೂದ್ಯ ನರಮೇಧದ ಬಳಿಕ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆ, ಯೆಹೂದ್ಯರನ್ನು ದೇವರು ತಳ್ಳಿಬಿಟ್ಟ ಜನರೆಂದು ಚಿತ್ರಿಸಕೂಡದು ಎಂದು ಸ್ಪಷ್ಟಪಡಿಸಿತು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪ್ರಕಟಿಸಿದ ಸಂಶೋಧನೆ, ಪೌಲನ ಕಾಲದ ಯೆಹೂದ್ಯ ಧರ್ಮ ಕೃಪೆಯಿಲ್ಲದ ಒಣ ಕಟ್ಟಳೆಯಾಗಿತ್ತೆಂಬ ಚಿತ್ರ ಆಧಾರವಿಲ್ಲದ್ದು ಎಂದು ತೋರಿಸಿತು.

ರೈತರು ಕೇಳಿದ ಪ್ರಶ್ನೆ

ಈಗ ನಾಲ್ಕೂವರೆ ಶತಮಾನ ಹಿಂದಕ್ಕೆ, ಜರ್ಮನಿಗೆ ಹೋಗೋಣ. ಮಾರ್ಟಿನ್ ಲೂಥರನಿಗೆ ಗಲಾತ್ಯ ಪತ್ರಿಕೆ ಅಚ್ಚುಮೆಚ್ಚು. 1531ರಲ್ಲಿ ಅವನು ಅದರ ಮೇಲೆ ಕೊಟ್ಟ ಉಪನ್ಯಾಸಗಳು 1535ರಲ್ಲಿ ಅಚ್ಚಾದವು. ಸಾಂಕೇತಿಕ ಅರ್ಥಗಳ ಬಗೆಗೆ ಅವನಿಗೆ ಅನುಮಾನವಿತ್ತು. ಸಂಕೇತದಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಮೊದಲೇ ಕಟ್ಟಿದ ಮನೆಗೆ ಬಣ್ಣದ ಚಿತ್ರ ಬರೆದಂತೆ ಅದು ಎಂಬುದು ಅವನ ಅಭಿಪ್ರಾಯ. ಆದರೆ ಕಟ್ಟಳೆ ಬೇರೆ, ಕೃಪೆ ಬೇರೆ ಎಂಬ ಪೌಲನ ವಿಚಾರವನ್ನು ಅವನು ತನ್ನ ಸುಧಾರಣೆಯ ಕೇಂದ್ರದಲ್ಲಿಟ್ಟ. ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ ಅವನ ಪುಸ್ತಕ 1520ರಲ್ಲಿ ಬಂದಿತು.

ಆ ಪುಸ್ತಕದ ಗಾಳಿ ಹಳ್ಳಿಗಳಿಗೂ ಬೀಸಿತು. 1525ರ ಮಾರ್ಚಿನಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ಕೂಡಿದ ರೈತರು ಹನ್ನೆರಡು ಬೇಡಿಕೆಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಮೂರನೆಯ ಬೇಡಿಕೆ ಜೀತವನ್ನು ಕುರಿತದ್ದು. ಕ್ರಿಸ್ತನು ಎಲ್ಲರನ್ನೂ ಸಮನಾಗಿ ಬಿಡಿಸಿರುವಾಗ ನಮ್ಮನ್ನು ಒಡೆಯರ ಸ್ವತ್ತೆಂದು ಎಣಿಸುವುದು ಹೇಗೆ ನ್ಯಾಯ ಎಂದು ಅವರು ಕೇಳಿದರು. ಲೂಥರನ ಉತ್ತರ ಅವರಿಗೆ ನಿರಾಶೆ ತಂದಿತು. ನೀವು ಆತ್ಮದ ಸ್ವಾತಂತ್ರ್ಯವನ್ನು ದೇಹದ ಸ್ವಾತಂತ್ರ್ಯ ಮಾಡುತ್ತಿದ್ದೀರಿ, ಅಬ್ರಹಾಮನಂಥ ಮೂಲಪುರುಷರೂ ದಾಸರನ್ನು ಇಟ್ಟುಕೊಂಡಿರಲಿಲ್ಲವೆ ಎಂದು ಅವನು ಬರೆದ. ದಂಗೆ ಹಿಂಸೆಗೆ ತಿರುಗಿದ ಮೇಲೆ ಅದನ್ನು ಹತ್ತಿಕ್ಕಲು ಅರಸರಿಗೆ ಕರೆ ಕೊಟ್ಟ. ಹತ್ತಾರು ಸಾವಿರ ರೈತರು ಸತ್ತರು.

ಅಬ್ರಹಾಮನ ಮನೆಯ ದಾಸಿ ಇಲ್ಲಿ ಮತ್ತೆ ಬಂದಳು. ಪೌಲನ ಓದಿನಲ್ಲಿ ದಾಸ್ಯ ಒಂದು ಸಂಕೇತ. ಆದರೆ ಆ ಸಂಕೇತಕ್ಕೆ ಆಧಾರವಾಗಿದ್ದುದು ನಿಜವಾದ ದಾಸ್ಯ. ರೈತರು ಕೇಳಿದ್ದು ಅದರ ಬಗ್ಗೆ: ಬಿಡುಗಡೆ ಎಂಬ ಮಾತು ಬರೀ ಒಳಗಿನದೋ, ಹೊಲದಲ್ಲಿ ದುಡಿಯುವ ಮೈಗೂ ಅನ್ವಯಿಸುತ್ತದೆಯೋ?

ಹಾಗರಳ ಕಡೆಯಿಂದ ಓದಿದವರು

ಅಮೆರಿಕದಲ್ಲಿ ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕಾಲದಲ್ಲಿ, ವಿಶೇಷವಾಗಿ ಓಡಿಹೋದವರನ್ನು ಹಿಡಿದೊಪ್ಪಿಸಬೇಕೆಂಬ 1850ರ ಕಾಯಿದೆಯ ಚರ್ಚೆಯಲ್ಲಿ, ಹಾಗರಳ ಕಥೆಯ ಅಕ್ಷರಾರ್ಥವೇ ಆಯುಧವಾಯಿತು. ದೇವದೂತನೇ ಅವಳಿಗೆ ಒಡತಿಯ ಬಳಿಗೆ ಮರಳು ಎಂದಿಲ್ಲವೆ ಎಂದು ಗುಲಾಮಗಿರಿಯ ಪರವಾದ ಬೋಧಕರು ಹೇಳಿದರು. ಅಕ್ಷರಾರ್ಥ ಯಾವಾಗಲೂ ಸುರಕ್ಷಿತ, ಸಂಕೇತ ಮಾತ್ರ ಅಪಾಯ ಎಂದು ತಿಳಿಯುವಂತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಗುಲಾಮಗಿರಿಯಲ್ಲಿದ್ದವರೂ ಅವರ ಮಕ್ಕಳೂ ಅದೇ ಕಥೆಯನ್ನು ಬೇರೆ ಕಣ್ಣಿನಿಂದ ಓದಿದರು. ಯಜಮಾನನ ಮನೆಯಲ್ಲಿ ಬಲವಂತಕ್ಕೆ ಒಳಗಾದ, ಮಗುವಿನೊಡನೆ ಹೊರದೂಡಲ್ಪಟ್ಟ ಆಫ್ರಿಕದ ಹೆಂಗಸು ಅವರಿಗೆ ಪರಕೀಯಳಾಗಿರಲಿಲ್ಲ. ಆಫ್ರಿಕನ್ ಮತ್ತು ಅಮೆರಿಕದ ಮೂಲನಿವಾಸಿ ವಂಶಗಳ ಶಿಲ್ಪಿ ಎಡ್ಮೋನಿಯ ಲೂಯಿಸ್ 1875ರಲ್ಲಿ ಅಮೃತಶಿಲೆಯಲ್ಲಿ ಹಾಗರಳನ್ನು ಕಡೆದಳು. ಕೈ ಜೋಡಿಸಿ ಮೇಲೆ ನೋಡುತ್ತಿರುವ ಆ ಪ್ರತಿಮೆಯ ಕಾಲ ಬಳಿ ಒಂದು ಬರಿದಾದ ನೀರಿನ ಪಾತ್ರೆಯಿದೆ. 1984ರಲ್ಲಿ ಫಿಲಿಸ್ ಟ್ರಿಬಲ್, 1993ರಲ್ಲಿ ಡೆಲೋರಿಸ್ ವಿಲಿಯಮ್ಸ್ ಬರೆದ ಪುಸ್ತಕಗಳು ಹಾಗರಳನ್ನು ಸಂಕೇತದಿಂದ ಬಿಡಿಸಿ ಮತ್ತೆ ಮನುಷ್ಯಳನ್ನಾಗಿ ನೋಡಿದವು. ವಿಲಿಯಮ್ಸ್ ಹೇಳುವುದು ಇದು: ಈ ಕಥೆಯಲ್ಲಿ ದೇವರು ಹಾಗರಳನ್ನು ಮೊದಲ ಸಲ ದಾಸ್ಯದಿಂದ ಬಿಡಿಸಲಿಲ್ಲ, ಆದರೆ ಬದುಕಿ ಉಳಿಯುವ ದಾರಿಯನ್ನು ಕಾಣುವ ಕಣ್ಣು ಕೊಟ್ಟ. ಎಷ್ಟೋ ಹೆಂಗಸರ ಬಾಳಿನಲ್ಲಿ ಬಿಡುಗಡೆ ಬರುವುದಕ್ಕೆ ಮುಂಚೆ ಬೇಕಾದದ್ದು ಅದೇ.

ಹಾಗರಳನ್ನು ತಾಯಿಯೆಂದು ಗೌರವಿಸುವ ಪರಂಪರೆಯೊಂದು ನಮ್ಮ ನಡುವೆಯೇ ಇದೆ. ಇಸ್ಲಾಮಿನಲ್ಲಿ ಅವಳು ಹಾಜಿರಾ. ಮಗುವಿಗೆ ನೀರು ಹುಡುಕುತ್ತ ಸಫಾ ಮತ್ತು ಮರ್ವಾ ಎಂಬ ಗುಡ್ಡಗಳ ನಡುವೆ ಅವಳು ಏಳು ಸಲ ಓಡಾಡಿದಳೆಂದೂ ಆಗ ಜಮ್‌ಜಮ್ ನೀರು ಚಿಮ್ಮಿತೆಂದೂ ಮುಸ್ಲಿಮರು ನಂಬುತ್ತಾರೆ. ಕರ್ನಾಟಕದಿಂದ ಹಜ್ ಯಾತ್ರೆಗೆ ಹೋಗುವವರೂ ಮೆಕ್ಕಾದಲ್ಲಿ ಅವಳ ನೆನಪಿಗೆ ಆ ಏಳು ನಡಿಗೆಗಳನ್ನು ನಡೆಯುತ್ತಾರೆ. ಒಂದು ಪರಂಪರೆಯಲ್ಲಿ ಹೊರಹಾಕಬೇಕಾದವಳೆಂದು ಓದಿಸಿಕೊಂಡವಳ ಹೆಜ್ಜೆ ಇನ್ನೊಂದರಲ್ಲಿ ಆರಾಧನೆಯ ಭಾಗ.

ನಾವು ತಿಳಿಯಬೇಕಾದದ್ದು

ಸಾಂಕೇತಿಕ ಓದು ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ ಎಂಬುದು ಈ ಇತಿಹಾಸದಿಂದ ತಿಳಿಯುತ್ತದೆ. ಗಲಾತ್ಯದ ಹೊರಗಿನವರಿಗೆ ಅದು ಬಾಗಿಲು ತೆರೆಯಿತು, ಅಗಸ್ಟೀನನ ಮನಸ್ಸಿನ ಗಂಟನ್ನು ಬಿಚ್ಚಿತು. ಅದೇ ಓದು ಡೊನಾಟಿಸ್ಟರಿಗೆ ದಂಡವಾಯಿತು, ಯೆಹೂದ್ಯರಿಗೆ ಕಣ್ಣುಪಟ್ಟಿಯಾಯಿತು. ಆದ್ದರಿಂದ ಇಂಥ ವ್ಯಾಖ್ಯಾನ ಎದುರಾದಾಗ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು. ಮೊದಲನೆಯದು: ಓದುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ, ಅವನ ಓದಿನಲ್ಲಿ ಹಾಗರಳ ಸ್ಥಾನದಲ್ಲಿ ನಿಲ್ಲಬೇಕಾದವರು ಯಾರು? ಎರಡನೆಯದು: ಸಂಕೇತವಾಗಿ ಬಳಸಿಕೊಂಡ ವ್ಯಕ್ತಿಯ ನೋವು ಆ ಓದಿನಲ್ಲಿ ಉಳಿದಿದೆಯೆ, ಅಳಿಸಿಹೋಗಿದೆಯೆ?

ಪೌಲನೇ ತನ್ನ ಪತ್ರಿಕೆಯ ಮುಂದಿನ ಅಧ್ಯಾಯದಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟಿದ್ದಾನೆ. ಸ್ವಾತಂತ್ರ್ಯ ಸಿಕ್ಕಿತೆಂದು ಅದನ್ನು ಸ್ವಾರ್ಥಕ್ಕ ಬಳಸಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಎನ್ನುತ್ತಾನೆ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಒಂದೇ ಆಜ್ಞೆಯಲ್ಲಿ ಇಡೀ ಧರ್ಮಶಾಸ್ತ್ರ ಅಡಗಿದೆ ಎನ್ನುತ್ತಾನೆ. ಆ ಆಜ್ಞೆ ಅವನು ಹೊಸದಾಗಿ ಮಾಡಿದ್ದಲ್ಲ. ಅದು ಇರುವುದು ಮೋಶೆಯ ಧರ್ಮಶಾಸ್ತ್ರದಲ್ಲೇ, ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ. ಕಟ್ಟಳೆಯಿಂದ ಬಿಡುಗಡೆಯಾದವನು ಕೊನೆಗೆ ತನ್ನ ಬಾಳಿನ ದಾರಿಯನ್ನು ಕಟ್ಟಳೆಯ ಪುಸ್ತಕದಲ್ಲೇ ಕಂಡುಕೊಂಡ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಅಕ್ಷರಾರ್ಥ ದೇಹ, ಒಳಾರ್ಥ ಆತ್ಮ ಎಂಬ ಫೈಲೊನ ಮಾತನ್ನು ನೀವು ಒಪ್ಪುತ್ತೀರಾ? ನಿಮ್ಮ ಮನೆಯಲ್ಲಿ ನಡೆಯುವ ಒಂದು ಆಚರಣೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಯೋಚಿಸಿ.

2. 1525ರ ರೈತರ ಮೂರನೆಯ ಬೇಡಿಕೆಗೆ ಲೂಥರನ ಸ್ಥಾನದಲ್ಲಿ ನೀವಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

3. ನೀವು ಚಿಕ್ಕಂದಿನಿಂದ ಕೇಳಿದ ಒಂದು ಪುರಾಣಕಥೆಯನ್ನು, ಅದರಲ್ಲಿ ಸೋತ ಅಥವಾ ಹೊರಹಾಕಲ್ಪಟ್ಟ ಪಾತ್ರದ ಕಡೆಯಿಂದ ಒಂದು ಪುಟದಲ್ಲಿ ಬರೆದು ತರಗತಿಯಲ್ಲಿ ಓದಿ. ಅದರ ಅರ್ಥದಲ್ಲಿ ಏನು ಬದಲಾಯಿತು ಎಂಬುದನ್ನು ಗೆಳೆಯರೊಡನೆ ಚರ್ಚಿಸಿ.